ಒಂದೇ ಕತೆಯನ್ನು ಹತ್ತು ಸಲ ಬರೆಸಿದರೆ ಮಗುವಿನ ಸ್ವಂತಿಕೆ ಹೋಗುತ್ತದಾ?

ಪ್ರಶ್ನೆ: ನಾವು ಮೈಸೂರಿನವರು. ಒಂಬತ್ತು ವರ್ಷದಿಂದ ಅಮೆರಿಕದ ಟೆಕ್ಸಸ್‌ನಲ್ಲಿದ್ದೇವೆ. ಮಗಳಿಗೆ ಹನ್ನೊಂದು ವರ್ಷ. ಈ ವರ್ಷ ಅವಳನ್ನು ‘ಕ್ಲಾಸಿಕಲ್’ ಪದ್ಧತಿಯ ಶಾಲೆಗೆ ಸೇರಿಸಿದೆವು. ಅಲ್ಲಿ ಬರವಣಿಗೆಯನ್ನು ಹಳೇ ಗ್ರೀಕರ ಅಭ್ಯಾಸಗಳಿಂದ ಕಲಿಸುತ್ತಾರೆ, ಅದಕ್ಕೆ ಪ್ರೊಜಿಮ್ನಾಸ್ಮಟಾ ಅಂತ ಹೆಸರಂತೆ. ಮೂರು ತಿಂಗಳಿಂದ ಬರೀ ಈಸೋಪನ ಕತೆ. ಒಂದು ವಾರ ಕತೆಯನ್ನು ಚಿಕ್ಕದು ಮಾಡಬೇಕು, ಮುಂದಿನ ವಾರ ಅದನ್ನೇ ದೊಡ್ಡದು ಮಾಡಬೇಕು, ಆಮೇಲೆ ಅದನ್ನೇ ಕೊನೆಯಿಂದ ಶುರು ಮಾಡಿ ಹೇಳಬೇಕು. ಮೊದಲು ತಾನಾಗಿಯೇ ಡ್ರ್ಯಾಗನ್ ಕತೆ ಬರೆಯುತ್ತಿದ್ದವಳು ಈಗ ಬಿಟ್ಟೇಬಿಟ್ಟಿದ್ದಾಳೆ. ಇದು ನಾವು ಊರಲ್ಲಿ ಮಾಡಿದ ಉರು ಹೊಡೆಯುವ ಪದ್ಧತಿಯೇ ಅಲ್ವಾ? ಮುಂದಿನ ವರ್ಷ ಒಂದು ಕತೆ ಸುಳ್ಳು ಅಂತ ವಾದ ಬರೆಯಬೇಕಂತೆ, ಆಮೇಲೆ ಅದೇ ಕತೆ ನಿಜ ಅಂತ. ಇದು ಮಕ್ಕಳಿಗೆ ಮಾತು ತಿರುಗಿಸುವುದನ್ನು ಕಲಿಸಿದ ಹಾಗೆ ಆಗುವುದಿಲ್ಲವಾ? ಶಾಲೆ ಬದಲಿಸೋಣ ಅಂತ ಮನೆಯಲ್ಲಿ ಮಾತಾಗುತ್ತಿದೆ. ಇನ್ನೊಂದು ಮಾತು, ಇಂಥದ್ದನ್ನು ಮನೆಯಲ್ಲಿ ಕನ್ನಡದಲ್ಲಿ ಮಾಡಿಸಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳಿವೆ. ನಕಲು ಮಾಡಿ ಮಾಡಿ ಮಗಳ ಸ್ವಂತಿಕೆ ಸತ್ತುಹೋಗುತ್ತದೆ ಅನ್ನುವುದು ಒಂದು. ಇದು ಹೊಸ ಹೆಸರಿನ ಹಳೇ ಉರು ಅನ್ನುವುದು ಇನ್ನೊಂದು. ಎರಡೂ ಕಡೆ ವಾದ ಮಾಡಿದರೆ ನಿಜ ಸುಳ್ಳಿನ ಬೆಲೆ ಹೋಗುತ್ತದೆ ಅನ್ನುವುದು ಮೂರನೆಯದು. ಮೊದಲನೆಯದು ಬಹುಪಾಲು ತಪ್ಪು ತಿಳುವಳಿಕೆ. ಎರಡನೆಯದು ಆಗುವ ಸಾಧ್ಯತೆ ನಿಜಕ್ಕೂ ಇದೆ. ಮೂರನೆಯದನ್ನು ಗ್ರೀಕರೇ ಭಯಪಟ್ಟು ಬರೆದಿದ್ದಾರೆ. ಇವೆಲ್ಲದರ ಜೊತೆಗೆ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದ ವಿಷಯ ಇದೆಯಲ್ಲ, ಮಗಳು ಡ್ರ್ಯಾಗನ್ ಕತೆ ಬರೆಯುವುದನ್ನು ಬಿಟ್ಟಿದ್ದು, ಅದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿತು. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಈ ಅಭ್ಯಾಸಗಳನ್ನು ಮಕ್ಕಳಿಂದ ಮಾಡಿಸಿದ್ದೇನೆ. ಶಾಲೆಯಲ್ಲಿ ಇಂಗ್ಲಿಷಿನಲ್ಲಿ, ಶನಿವಾರದ ಕನ್ನಡ ತರಗತಿಯಲ್ಲಿ ಕನ್ನಡದಲ್ಲಿ. ಚೆನ್ನಾಗಿ ಆಗಿದ್ದನ್ನೂ ಕೆಟ್ಟಿದ್ದನ್ನೂ ಎರಡನ್ನೂ ಕಂಡಿದ್ದೇನೆ.

ಮೊದಲು ಆ ಉದ್ದ ಹೆಸರು. ‘ಪ್ರೊ’ ಅಂದರೆ ಮುಂಚೆ. ‘ಜಿಮ್ನಾಸ್ಮಾ’ ಅಂದರೆ ಕಸರತ್ತು, ನಮ್ಮ ಬಾಯಲ್ಲಿರುವ ಜಿಮ್‌ಗೂ ಅದೇ ಮೂಲ. ಕುಸ್ತಿಗೆ ಇಳಿಯುವ ಮುಂಚೆ ಗರಡಿಮನೆಯಲ್ಲಿ ಬಸ್ಕಿ, ದಂಡ ಹೊಡೆಯುತ್ತಾರಲ್ಲ, ಆ ಥರದ್ದು. ಹುಡುಗರು ಅಕ್ಷರ, ವ್ಯಾಕರಣ ಕಲಿತು, ಪೂರ್ತಿ ಭಾಷಣ ಕಟ್ಟುವುದನ್ನು ಕಲಿಸುವ ಗುರುವಿನ ಕೈಗೆ ಹೋಗುವುದರ ನಡುವೆ ಈ ಕಸರತ್ತುಗಳು ಬರುತ್ತಿದ್ದವು. ಇವುಗಳ ಬಗ್ಗೆ ನಮಗೆ ಉಳಿದಿರುವ ಗ್ರೀಕ್ ಕೈಪಿಡಿಗಳು ನಾಲ್ಕು. ಅದರಲ್ಲಿ ಅಲೆಕ್ಸಾಂಡ್ರಿಯಾದ ಥಿಯೋನ್ ಬರೆದದ್ದು ಎಲ್ಲಕ್ಕಿಂತ ಹಳೆಯದು, ಸುಮಾರು 1ನೇ ಶತಮಾನದ್ದು ಅನ್ನುತ್ತಾರೆ. ಜಾಸ್ತಿ ಹೆಸರು ಮಾಡಿದ್ದು 4ನೇ ಶತಮಾನದ ಅಫ್ತೋನಿಯಸ್‌ನದು. ಅವನು ಆಂಟಿಯೋಕ್‌ನವನು, ಇವತ್ತಿನ ಟರ್ಕಿಯ ಅಂತಾಕ್ಯ. ಅವನ ಪುಸ್ತಕದಲ್ಲಿ ಹದಿನಾಲ್ಕು ಅಭ್ಯಾಸಗಳಿವೆ, ನೀತಿಕತೆಯಿಂದ ಶುರುವಾಗಿ ಒಂದು ಕಾನೂನು ಬೇಕಾ ಬೇಡವಾ ಅಂತ ವಾದಿಸುವವರೆಗೆ. ಪುಸ್ತಕ ಚಿಕ್ಕದು, ಪ್ರತಿ ಅಭ್ಯಾಸಕ್ಕೂ ಅವನೇ ಒಂದು ಮಾದರಿ ಬರೆದು ಕೊಟ್ಟಿದ್ದಾನೆ. ಮೇಷ್ಟ್ರುಗಳಿಗೆ ಬೇಕಾಗಿದ್ದು ಅದೇ. ಹಾಗಾಗಿ ಬೈಜಾಂಟಿಯಂ, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಕಾಲದ ಉದ್ದಕ್ಕೂ ಅದು ಶಾಲೆಗಳಲ್ಲಿ ಉಳಿಯಿತು, ಲ್ಯಾಟಿನ್‌ಗೆ ಹೋಗಿ 16ನೇ ಶತಮಾನದ ಯುರೋಪಿನ ಶಾಲೆಗಳಿಗೂ ಬಂತು. 1563ರಲ್ಲಿ ರಿಚರ್ಡ್ ರೈನಾಲ್ಡ್ ಅನ್ನುವವನು ಇಂಗ್ಲಿಷಿಗೂ ತಂದ. ಅಮೆರಿಕದಲ್ಲಿ ಮನೆಯಲ್ಲೇ ಪಾಠ ಹೇಳುವ ಅಪ್ಪ ಅಮ್ಮಂದಿರು, ನಿಮ್ಮ ಮಗಳ ಶಾಲೆಯಂಥ ಶಾಲೆಗಳು ಈಚಿನ ದಶಕಗಳಲ್ಲಿ ಮತ್ತೆ ಕೈಗೆತ್ತಿಕೊಂಡಿವೆ.

ಈಗ ನಕಲಿನ ಮಾತು.

ಥಿಯೋನ್ ತನ್ನ ಪುಸ್ತಕದ ಶುರುವಿನಲ್ಲೇ ಗೊಣಗುತ್ತಾನೆ. ಈಗಿನ ಹುಡುಗರು ಬುಡ ಗಟ್ಟಿ ಮಾಡಿಕೊಳ್ಳದೆ ನೇರವಾಗಿ ದೊಡ್ಡ ಭಾಷಣಕ್ಕೆ ಕೈ ಹಾಕುತ್ತಾರೆ, ಗಾದೆಯಲ್ಲಿ ಹೇಳುವ ಹಾಗೆ ‘ದೊಡ್ಡ ಹರವಿಯ ಮೇಲೆ ಕುಂಬಾರಿಕೆ ಕಲಿಯುತ್ತಾರೆ’ ಅಂತ. ಚಕ್ರದ ಮುಂದೆ ಮೊದಲ ಸಲ ಕೂತವನು ಹಣತೆ ಮಾಡಬೇಕು, ಆಳೆತ್ತರದ ಹರವಿ ಮಾಡಲು ಹೋದರೆ ಮಣ್ಣು ಕುಸಿಯುತ್ತದೆ. ನಾವೆಲ್ಲ ಶಾಲೆಯಲ್ಲಿ ‘ನಾನು ಬೇಸಿಗೆ ರಜೆ ಕಳೆದ ಬಗೆ’ ಬರೆದಿದ್ದೇವಲ್ಲ, ಅದು ಹರವಿ. ನೋಡಲು ಸುಲಭ ಅನ್ನಿಸುತ್ತದೆ. ಆದರೆ ಅದನ್ನು ಬರೆಯುವ ಮಗು ಏನು ಹೇಳಬೇಕು, ಯಾವುದು ಮೊದಲು, ಯಾವುದು ಆಮೇಲೆ, ವಾಕ್ಯ ಹೇಗೆ ಮುಗಿಸಬೇಕು, ಒತ್ತಕ್ಷರ ಸರಿ ಇದೆಯಾ, ಎಲ್ಲವನ್ನೂ ಒಂದೇ ಏಟಿಗೆ ತಲೆಯಲ್ಲಿ ಹೊರಬೇಕು. ಎರಡು ಸಾಲು ಬರೆದು ಪೆನ್ಸಿಲ್ ಕಚ್ಚುತ್ತಾ ಕೂರುವುದು ಅದಕ್ಕೇ. ಗ್ರೀಕರು ಮಾಡಿದ್ದು ಇಷ್ಟೇ. ‘ಏನು ಹೇಳಬೇಕು’ ಅನ್ನುವ ಭಾರವನ್ನು ಸ್ವಲ್ಪ ಕಾಲ ತಲೆಯಿಂದ ಇಳಿಸಿಟ್ಟರು. ಕತೆ ತಗೋ, ಇದೆ. ನೀನು ಹೇಗೆ ಹೇಳುತ್ತೀಯ ನೋಡೋಣ.

ಒಂದು ಉದಾಹರಣೆ ಕೊಡುತ್ತೇನೆ. ಆ ನಾಲ್ಕು ಕೈಪಿಡಿಗಳಲ್ಲಿ ಇನ್ನೊಂದು, ಹೆರ್ಮೊಜೆನಿಸ್‌ನ ಹೆಸರಿನಲ್ಲಿರುವುದು, ಅದರಲ್ಲಿ ಒಂದು ಮಂಗಗಳ ಕತೆ ಇದೆ. ಮಂಗಗಳೆಲ್ಲ ಸೇರಿ ಊರು ಕಟ್ಟೋಣ ಅಂತ ತೀರ್ಮಾನ ಮಾಡಿದವು, ಇನ್ನೇನು ಕೆಲಸ ಶುರು ಮಾಡಬೇಕು. ಆಗ ಒಂದು ಮುದಿ ಮಂಗ ತಡೆಯಿತು: ಗೋಡೆ ಕಟ್ಟಿಕೊಂಡು ಒಳಗೆ ಕೂತರೆ ನಮ್ಮನ್ನು ಹಿಡಿಯುವುದು ಇನ್ನೂ ಸುಲಭ ಆಗುತ್ತದೆ. ಅಷ್ಟೇ ಕತೆ. ಇದನ್ನು ಹಿಗ್ಗಿಸಬೇಕಾದರೆ ಮಂಗಗಳ ಬಾಯಲ್ಲಿ ಮಾತಾಡಿಸು ಅನ್ನುತ್ತದೆ ಆ ಪುಸ್ತಕ.

ನಾನು ಈ ಕತೆಯನ್ನು ಶನಿವಾರದ ತರಗತಿಯಲ್ಲಿ ಕೊಟ್ಟೆ. ಹತ್ತು ವರ್ಷದ ಒಬ್ಬ ಹುಡುಗ, ವರ್ಷವಿಡೀ ಮೂರು ಸಾಲಿಗಿಂತ ಜಾಸ್ತಿ ಬರೆಯದವನು, ಒಂದು ಮರಿಮಂಗದ ಬಾಯಲ್ಲಿ ಹೀಗೆ ಬರೆದ: ‘ಮಳೆ ಬಂದ್ರೆ ಅಮ್ಮನ ಹೊಟ್ಟೆ ಕೆಳಗೆ ಕೂರಬೇಕು. ನಾನು ದೊಡ್ಡವನಾಗಿದೀನಿ, ಈಗ ಅಲ್ಲಿ ಜಾಗ ಇಲ್ಲ. ನಂಗೆ ಮನೆ ಬೇಕು.’ ಪಕ್ಕದಲ್ಲಿ ಕೂತಿದ್ದ ಹುಡುಗಿ ಮುದಿ ಮಂಗಕ್ಕೆ ಹಳೇ ಗಾಯ ಕೊಟ್ಟಳು, ಅದು ಯಾವಾಗಲೋ ಬೋನಿನಲ್ಲಿ ಸಿಕ್ಕಿಬಿದ್ದಿತ್ತು, ಅದಕ್ಕೇ ಗೋಡೆ ಅಂದರೆ ಭಯ. ಇಬ್ಬರಿಗೂ ಸಿಕ್ಕಿದ್ದು ಒಂದೇ ನಾಲ್ಕು ಸಾಲಿನ ಕತೆ. ಇದರಲ್ಲಿ ನಕಲು ಎಲ್ಲಿದೆ ಹೇಳಿ? ಆ ಹುಡುಗನಿಗೆ ‘ಒಂದು ಕತೆ ಬರಿ’ ಅಂತ ಖಾಲಿ ಹಾಳೆ ಕೊಟ್ಟಿದ್ದರೆ ಆ ಮರಿಮಂಗ ಹೊರಗೆ ಬರುತ್ತಲೇ ಇರಲಿಲ್ಲ.

ಚಿಕ್ಕದು ಮಾಡುವುದು ಇದಕ್ಕಿಂತ ಕಷ್ಟ. ಒಂದು ಪುಟವನ್ನು ನಾಲ್ಕು ಸಾಲಿಗೆ ಇಳಿಸುವಾಗ ಯಾವುದು ತೆಗೆದರೆ ಕತೆ ಬೀಳುತ್ತದೆ, ಯಾವುದು ತೆಗೆದರೂ ನಿಲ್ಲುತ್ತದೆ ಅಂತ ಮಗುವೇ ನಿರ್ಧಾರ ಮಾಡಬೇಕು. ಕೊನೆಯಿಂದ ಹೇಳು ಅನ್ನುವುದೂ ಸುಮ್ನೆ ಆಟ ಅಲ್ಲ. ಕತೆಯನ್ನು ಮಧ್ಯದಿಂದಲೋ ಕೊನೆಯಿಂದಲೋ ಶುರು ಮಾಡಿ ನೋಡಿ ಅಂತ ಥಿಯೋನ್ ಹೇಳಿದ್ದಾನೆ. ಹಾಗೆ ಮಾಡಿದಾಗ ‘ಆಮೇಲೆ, ಆಮೇಲೆ, ಆಮೇಲೆ’ ಅನ್ನುವ ಮಕ್ಕಳ ಅಭ್ಯಾಸ ತಾನಾಗಿ ಬಿಟ್ಟುಹೋಗುತ್ತದೆ, ಯಾಕೆಂದರೆ ಈಗ ‘ಯಾಕೆ’ ಅಂತ ಹೇಳಲೇಬೇಕು.

ಎರಡನೇ ಭಯಕ್ಕೆ ಬರೋಣ. ಉರು ಹೊಡೆಯುವುದು.

ನೀವೂ ಕರ್ನಾಟಕದಲ್ಲಿ ಓದಿದವರು, ಹತ್ತನೇ ಕ್ಲಾಸಿನ ಕನ್ನಡ ಪರೀಕ್ಷೆಯ ಗಾದೆ ವಿಸ್ತರಣೆ ನೆನಪಿರಬೇಕು. ನಮ್ಮ ತರಗತಿಯಲ್ಲಿ ಯಾವ ಗಾದೆ ಬಂದರೂ ಶುರು ಒಂದೇ: ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆಗಳು ಹಿರಿಯರ ಅನುಭವದ ಮಾತುಗಳು. ಆಮೇಲೆ ಗಾದೆಯನ್ನೇ ಇನ್ನೊಂದು ಸಲ ಬೇರೆ ಪದದಲ್ಲಿ ಹೇಳುವುದು. ಕೊನೆಗೆ ‘ಹೀಗೆ ಈ ಗಾದೆ ನಮಗೆ ತಿಳಿಸುತ್ತದೆ’. ನಮ್ಮ ಮೇಷ್ಟ್ರು ಆ ಮೊದಲ ಎರಡು ಸಾಲನ್ನು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದರು. ನನಗೆ ಪೂರ್ತಿ ಅಂಕ ಬರುತ್ತಿತ್ತು. ಗಾದೆಯ ಬಗ್ಗೆ ಒಂದು ಸಲವೂ ಯೋಚನೆ ಮಾಡಿದ ನೆನಪಿಲ್ಲ.

ವರ್ಷಗಳ ಮೇಲೆ ಅಫ್ತೋನಿಯಸ್‌ನನ್ನು ಓದಿದಾಗ ನನಗೆ ಆಶ್ಚರ್ಯ ಆಗಿದ್ದು ಇಲ್ಲೇ. ಅವನ ಹದಿನಾಲ್ಕರಲ್ಲಿ ನಾಲ್ಕನೆಯದು ನಮ್ಮ ಗಾದೆ ವಿಸ್ತರಣೆಯೇ, ಗ್ರೀಕಿನಲ್ಲಿ ‘ಗ್ನೋಮೆ’. ಅದಕ್ಕೆ ಮುಂಚೆ ಬರುವ ಮೂರನೆಯದು ‘ಖ್ರೇಯಾ’, ಅಂದರೆ ಒಬ್ಬ ಹೆಸರಾಂತ ವ್ಯಕ್ತಿ ಹೇಳಿದ ಮಾತನ್ನೋ ಮಾಡಿದ ಕೆಲಸವನ್ನೋ ತಗೊಂಡು ವಿಸ್ತರಿಸುವುದು. ಅಲ್ಲಿ ಅವನು ತಗೊಂಡಿರುವ ಮಾತು ಅಥೆನ್ಸಿನಲ್ಲಿ ಭಾಷಣಕಲೆ ಕಲಿಸುತ್ತಿದ್ದ ಇಸೋಕ್ರಟಿಸ್‌ನದು: ವಿದ್ಯೆಯ ಬೇರು ಕಹಿ, ಹಣ್ಣು ಸಿಹಿ. ನಮ್ಮ ‘ಕೈ ಕೆಸರಾದರೆ ಬಾಯಿ ಮೊಸರು’ ಹತ್ತಿರ ಇಟ್ಟು ನೋಡಿ, ಒಂದೇ ಮಾತು.

ವ್ಯತ್ಯಾಸ ಇರುವುದು ವಿಸ್ತರಿಸುವ ರೀತಿಯಲ್ಲಿ. ಅಫ್ತೋನಿಯಸ್ ಎಂಟು ಮೆಟ್ಟಿಲು ಕೊಡುತ್ತಾನೆ. ಮಾತು ಹೇಳಿದವನನ್ನು ಹೊಗಳು. ಮಾತನ್ನು ನಿನ್ನ ಪದದಲ್ಲಿ ಹೇಳು. ಅದು ಯಾಕೆ ನಿಜ ಅಂತ ಕಾರಣ ಕೊಡು. ಅದಕ್ಕೆ ಉಲ್ಟಾ ನಡೆದರೆ ಏನಾಗುತ್ತದೆ ಹೇಳು. ಬೇರೆ ಕಡೆಯಿಂದ ಒಂದು ಹೋಲಿಕೆ ತಾ. ನಿಜವಾಗಿ ಬದುಕಿದ ಒಬ್ಬರ ಉದಾಹರಣೆ ತಾ. ಹಿಂದಿನವರು ಯಾರಾದರೂ ಇದನ್ನೇ ಹೇಳಿದ್ದರೆ ಸಾಕ್ಷಿ ತಾ. ಚಿಕ್ಕದಾಗಿ ಮುಗಿಸು. ಅವನೇ ಬರೆದ ಮಾದರಿಯಲ್ಲಿ ಕಾರಣದ ಜಾಗದಲ್ಲಿ ಮೇಷ್ಟ್ರ ಭಯ, ಅಪ್ಪನ ಭಯ, ಏಟಿನ ಭಯ ಬರುತ್ತದೆ, ಪಾಪ ಆ ಕಾಲದ ಮಕ್ಕಳು. ಹೋಲಿಕೆಗೆ ರೈತ ಬರುತ್ತಾನೆ, ಬಿತ್ತುವಾಗ ಬೆವರು, ಕೊಯ್ಯುವಾಗ ಖುಷಿ. ಉದಾಹರಣೆಗೆ ಡೆಮಾಸ್ತೆನಿಸ್, ಅಭ್ಯಾಸ ತಪ್ಪಬಾರದು ಅಂತ ತಲೆಗೂದಲನ್ನೇ ತೆಗೆದುಕೊಂಡ ಭಾಷಣಕಾರ. ಸಾಕ್ಷಿಗೆ ಹೆಸಿಯಡ್ ಕವಿ, ಒಳ್ಳೆತನದ ದಾರಿ ಶುರುವಿನಲ್ಲಿ ಕಡಿದು, ಮೇಲೆ ಹತ್ತಿದ ಮೇಲೆ ಸಲೀಸು ಅಂದವನು.

ನಮ್ಮ ಗಾದೆ ವಿಸ್ತರಣೆಯಲ್ಲಿ ಬಿಟ್ಟುಹೋಗಿದ್ದು ನಾಲ್ಕನೇ ಮೆಟ್ಟಿಲು ಮತ್ತು ಆರನೇ ಮೆಟ್ಟಿಲು. ಉಲ್ಟಾ ನಡೆದರೆ ಏನಾಗುತ್ತದೆ? ಕೈ ಕೆಸರಾಗದೆ ಮೊಸರು ತಿಂದವರು ಇಲ್ಲವಾ? ಕೈ ಕೆಸರು ಮಾಡಿಕೊಂಡೂ ಮೊಸರು ಸಿಗದವರು? ಈ ಪ್ರಶ್ನೆ ಬಂದ ಕೂಡಲೇ ಮಗು ಯೋಚನೆ ಮಾಡಲೇಬೇಕು. ನಿಜವಾದ ಒಬ್ಬ ವ್ಯಕ್ತಿಯ ಉದಾಹರಣೆ ಅಂದಾಗಲೂ ಅಷ್ಟೇ, ಅವಳು ತನ್ನ ಮನೆಯ ಒಳಗೆ, ಬೀದಿಯಲ್ಲಿ ಕಣ್ಣು ಹಾಯಿಸಬೇಕು.

ಹಾಗಂತ ಎಂಟು ಮೆಟ್ಟಿಲು ಇದ್ದ ಮಾತ್ರಕ್ಕೆ ಉರು ತಪ್ಪಿತು ಅಂದುಕೊಳ್ಳಬೇಡಿ. ಅದಕ್ಕೇ ನಿಮ್ಮ ಎರಡನೇ ಭಯದಲ್ಲಿ ಹುರುಳಿದೆ ಅಂದಿದ್ದು. ಒಂದು ವರ್ಷ ನಾನೇ ಎಂಟು ಮೆಟ್ಟಿಲಿಗೆ ಎಂಟು ಅಂಕ ಅಂತ ಇಟ್ಟೆ. ತಿದ್ದುವುದು ಸುಲಭ ಆಗುತ್ತದೆ ಅಂತ. ಎರಡು ತಿಂಗಳಲ್ಲಿ ಇಡೀ ತರಗತಿಯ ಹಾಳೆಗಳು ಒಂದೇ ಅಚ್ಚಿನಿಂದ ಬಿದ್ದ ಹಾಗಾದವು. ಎಲ್ಲರ ಹೋಲಿಕೆಯಲ್ಲೂ ರೈತ. ಎಲ್ಲರ ಉದಾಹರಣೆಯಲ್ಲೂ ಅಬ್ದುಲ್ ಕಲಾಂ. ಮಕ್ಕಳದ್ದು ತಪ್ಪಲ್ಲ, ನಾನು ಅಂಕ ಕೊಟ್ಟಿದ್ದು ಖಾನೆ ತುಂಬಿಸಿದ್ದಕ್ಕೆ, ಅವರು ಖಾನೆ ತುಂಬಿಸಿದರು. ಮುಂದಿನ ವರ್ಷ ಅಂಕ ತೆಗೆದುಹಾಕಿದೆ. ‘ಉದಾಹರಣೆ ನಿನಗೆ ನೇರವಾಗಿ ಗೊತ್ತಿರುವ ವ್ಯಕ್ತಿಯೇ ಆಗಿರಬೇಕು’ ಅನ್ನುವ ಒಂದೇ ನಿಯಮ ಇಟ್ಟೆ. ಬರಹ ತಕ್ಷಣ ಬದಲಾಯಿತು. ಹಾಗಾಗಿ ನಿಮ್ಮ ಮಗಳ ಶಾಲೆಯಲ್ಲಿ ನೀವು ನೋಡಬೇಕಾದ್ದು ಇದನ್ನೇ: ವಾಪಸ್ ಬಂದ ಹಾಳೆಯ ಮೇಲೆ ಮೇಷ್ಟ್ರು ಏನು ಬರೆದಿದ್ದಾರೆ? ಬರೀ ಟಿಕ್ ಗುರುತು ಮತ್ತು ಅಂಕ ಇದ್ದರೆ ಚಿಂತೆ ಮಾಡಬೇಕು. ‘ಈ ಮಾತು ನರಿಯ ಬಾಯಲ್ಲಿ ಸರಿ ಕೇಳುತ್ತಾ?’ ಅನ್ನುವಂಥ ಒಂದು ಪ್ರಶ್ನೆ ಇದ್ದರೂ ಸಾಕು, ಕೈ ಒಳ್ಳೆಯದು ಅಂತ ನಂಬಬಹುದು.

ಮೂರನೇ ಭಯ, ಎರಡೂ ಕಡೆ ವಾದ. ಕ್ರಿ.ಪೂ. 423ರಲ್ಲಿ ಅರಿಸ್ಟೋಫೇನಸ್ ಅಥೆನ್ಸಿನಲ್ಲಿ ಒಂದು ನಾಟಕ ಆಡಿಸಿದ. ಅದರಲ್ಲಿ ಒಬ್ಬ ಅಪ್ಪ, ಸಾಲ ಕೊಟ್ಟವರಿಂದ ತಪ್ಪಿಸಿಕೊಳ್ಳುವ ವಾದ ಕಲಿಯಲಿ ಅಂತ ಮಗನನ್ನು ಶಾಲೆಗೆ ಸೇರಿಸುತ್ತಾನೆ. ಮಗ ಕಲಿತು ಬಂದು ಅಪ್ಪನಿಗೇ ಹೊಡೆದು, ಹೊಡೆದದ್ದು ಸರಿ ಅಂತ ವಾದ ಮಾಡುತ್ತಾನೆ. ನಿಮ್ಮ ಭಯ ಅಷ್ಟು ಹಳೆಯದು, ಅಷ್ಟೇ ಗಟ್ಟಿಯೂ ಹೌದು.

ಆದರೆ ಈ ಅಭ್ಯಾಸದಲ್ಲಿ ನಿಜವಾಗಿ ಏನು ಮಾಡಿಸುತ್ತಾರೆ ಅಂತ ನೋಡಿ. ಅಫ್ತೋನಿಯಸ್ ತಗೊಂಡಿರುವುದು ಡಾಫ್ನೆಯ ಕತೆ. ಅವಳು ಒಂದು ನದಿಗೂ ಭೂಮಿಗೂ ಹುಟ್ಟಿದ ಮಗಳು. ಅಪೋಲೋ ದೇವರು ಅವಳನ್ನು ಬಯಸಿ ಅಟ್ಟಿಸಿಕೊಂಡು ಹೋಗುತ್ತಾನೆ, ಭೂಮಿತಾಯಿ ಅವಳನ್ನು ಒಳಗೆ ಎಳೆದುಕೊಳ್ಳುತ್ತಾಳೆ, ಆ ಜಾಗದಲ್ಲಿ ಒಂದು ಗಿಡ ಹುಟ್ಟುತ್ತದೆ. ಮೊದಲು ಇದನ್ನು ಒಡೆಯಬೇಕು. ಕತೆ ಅಸ್ಪಷ್ಟವಾ, ನಂಬಲು ಕಷ್ಟವಾ, ಆಗಲು ಸಾಧ್ಯವೇ ಇಲ್ಲವಾ, ತನ್ನನ್ನೇ ತಾನು ಅಲ್ಲಗಳೆಯುತ್ತದಾ, ಹೇಳಲು ಯೋಗ್ಯವಾ, ಹೇಳಿ ಏನು ಉಪಯೋಗ, ಈ ಪ್ರಶ್ನೆಗಳನ್ನು ಕೇಳಬೇಕು. ನದಿಗೂ ಭೂಮಿಗೂ ಮನುಷ್ಯ ಮಗಳು ಹುಟ್ಟುವುದು ಹೇಗೆ? ಹುಟ್ಟಿದರೂ ಸಾಕಿದ್ದು ಯಾರು? ಆಮೇಲೆ ಅದೇ ಹುಡುಗ ಅದೇ ಕತೆಯ ಪರವಾಗಿ ಬರೆಯಬೇಕು.

ಇಲ್ಲಿ ಒಂದು ವಿಷಯ ಗಮನಿಸಿ. ಅವರು ತಗೊಂಡಿದ್ದು ಪಕ್ಕದ ಊರಿನವರ ಕತೆಯನ್ನಲ್ಲ, ತಮ್ಮದೇ ಕತೆಗಳನ್ನು, ತಮ್ಮದೇ ದೇವರುಗಳನ್ನು, ತಮ್ಮದೇ ಹೋಮರ್‌ನನ್ನು. ನಾನು ಕನ್ನಡ ತರಗತಿಯಲ್ಲಿ ಪುಣ್ಯಕೋಟಿಯ ಕತೆ ತಗೊಳ್ಳುತ್ತೇನೆ. ಹಸಿದ ಹುಲಿ ಕೈಗೆ ಸಿಕ್ಕ ಹಸುವನ್ನು ಬಿಟ್ಟುಕಳಿಸುತ್ತದಾ? ಮೊದಲ ಸಲ ಈ ಪ್ರಶ್ನೆ ಕೇಳಿದಾಗ ತರಗತಿ ಮೌನ ಆಯಿತು, ಒಬ್ಬಳ ಕಣ್ಣಲ್ಲಿ ನೀರೇ ಬಂತು, ಅವಳಿಗೆ ಅಜ್ಜಿ ಹೇಳಿಕೊಟ್ಟ ಕತೆ ಅದು. ಮರುವಾರ ಪರವಾಗಿ ಬರೆಯುವ ಸರದಿ ಬಂದಾಗ ಅವಳು ಬರೆದದ್ದು ಇದು: ‘ಹುಲಿಗೆ ಅಷ್ಟು ದಿನ ಯಾರೂ ವಾಪಸ್ ಬರ್ತೀನಿ ಅಂತ ಹೇಳಿರಲಿಲ್ಲ. ಎಲ್ಲರೂ ಓಡಿಹೋಗ್ತಿದ್ರು. ಅದಕ್ಕೆ ನೋಡೋಣ ಅನ್ನಿಸಿತು.’ ಹಿಂದಿನ ವಾರ ಕತೆಯನ್ನು ಒಡೆಯದೆ ಇದ್ದಿದ್ದರೆ ಹುಲಿಯ ಮನಸ್ಸಿನ ಒಳಗೆ ಹೋಗುವ ಅಗತ್ಯವೇ ಅವಳಿಗೆ ಬರುತ್ತಿರಲಿಲ್ಲ.

ಅಪಾಯ ಎಲ್ಲಿದೆ ಅಂದರೆ, ಹೆತ್ತವರಿಗೂ ಮೇಷ್ಟ್ರಿಗೂ ಆತುರ ಜಾಸ್ತಿ. ಕತೆ ಹೇಳುವುದೇ ಸರಿಯಾಗಿ ಬಾರದ ಮಗುವಿಗೆ ಕತೆ ಒಡೆಯುವ ಈ ಅಭ್ಯಾಸ ಕೊಟ್ಟರೆ ಅದು ಕತೆಯನ್ನು ಆಡಿಕೊಳ್ಳುವುದನ್ನು ಮಾತ್ರ ಕಲಿಯುತ್ತದೆ. ಎಲ್ಲದಕ್ಕೂ ತಕರಾರು ತೆಗೆಯುವ ಚಟ ಹತ್ತುತ್ತದೆ, ಊಟದ ಟೇಬಲ್ಲಿನಲ್ಲಿ ನಿಮಗೇ ಗೊತ್ತಾಗುತ್ತದೆ. ನಾನು ಗ್ರೀಕರ ಪುಸ್ತಕದಲ್ಲಿಲ್ಲದ ಒಂದು ಕೆಲಸ ಸೇರಿಸಿದ್ದೇನೆ. ಎರಡೂ ಕಡೆ ಬರೆದ ಮೇಲೆ ಮೂರನೇ ಹಾಳೆಯಲ್ಲಿ ‘ನಿನಗೆ ನಿಜವಾಗಿ ಏನನ್ನಿಸುತ್ತದೆ, ಯಾಕೆ’ ಅಂತ ಐದು ಸಾಲು. ಅದಕ್ಕೆ ಅಂಕ ಇಲ್ಲ, ತಿದ್ದುವುದಿಲ್ಲ, ಆದರೆ ಬರೆಯದೆ ಬಿಡುವ ಹಾಗೂ ಇಲ್ಲ. ನಿಮ್ಮ ಶಾಲೆ ಅದನ್ನು ಮಾಡಿಸದಿದ್ದರೆ ಮನೆಯಲ್ಲಿ ಮಾತಿನಲ್ಲೇ ಕೇಳಿ.

ಇನ್ನೂ ಒಂದು ಮಾತು. ಹದಿನಾಲ್ಕೂ ಎಲ್ಲ ಮಕ್ಕಳಿಗೆ ಬೇಕು ಅಂತ ನಾನು ನಂಬುವುದಿಲ್ಲ. ನಿಂದೆ ಅನ್ನುವ ಅಭ್ಯಾಸವನ್ನು, ಅಂದರೆ ಒಬ್ಬರ ಕೆಟ್ಟತನವನ್ನು ವಿಸ್ತಾರವಾಗಿ ಬರೆಯುವುದನ್ನು, ಹನ್ನೊಂದು ಹನ್ನೆರಡರ ಮಕ್ಕಳಿಗೆ ನಾನು ಕೊಡುವುದೇ ಇಲ್ಲ. ಅಫ್ತೋನಿಯಸ್ ಮ್ಯಾಸಿಡೋನಿಯಾದ ರಾಜ ಫಿಲಿಪ್ಪನನ್ನು ಬೈದ, ಮಕ್ಕಳು ಪಕ್ಕದ ಬೆಂಚಿನವಳನ್ನು ಬೈಯುತ್ತಾರೆ. ಶಾಲೆಯಲ್ಲಿ ಆ ಪಾಠ ಬಂದಾಗ ಯಾರ ಮೇಲೆ ಬರೆಸುತ್ತಿದ್ದಾರೆ ಅಂತ ಕೇಳಿ.

ಈಗ ಡ್ರ್ಯಾಗನ್ ಕತೆ.

ಹೊಸ ಉಪಕರಣ ಕೈಗೆ ಬಂದಾಗ ಹಳೇ ಚಳಕ ಸ್ವಲ್ಪ ದಿನ ನಿಂತುಹೋಗುವುದನ್ನು ನಾನು ಬೇಕಾದಷ್ಟು ಮಕ್ಕಳಲ್ಲಿ ಕಂಡಿದ್ದೇನೆ. ಮೊದಲು ಯೋಚನೆ ಇಲ್ಲದೆ ಬರೆಯುತ್ತಿದ್ದಳು, ಈಗ ಬರೆಯುವಾಗ ‘ಇದು ಸರಿ ಇದೆಯಾ’ ಅನ್ನುವ ಕಣ್ಣು ಬಂದಿದೆ. ಬಹಳ ಮಕ್ಕಳಲ್ಲಿ ಇದು ಒಂದು ಟರ್ಮಿನ ಒಳಗೆ ಸರಿಹೋಗುತ್ತದೆ, ವಾಪಸ್ ಬಂದ ಕತೆಗಳು ಮೊದಲಿಗಿಂತ ಚೆನ್ನಾಗಿರುತ್ತವೆ. ಆದರೆ ಕೆಲವು ಮಕ್ಕಳು ಕೆಂಪು ಇಂಕಿಗೆ ಹೆದರಿ ನಿಲ್ಲಿಸುತ್ತಾರೆ, ಅದು ಬೇರೆ ವಿಷಯ. 1ನೇ ಶತಮಾನದಲ್ಲಿ ರೋಮ್‌ನಲ್ಲಿ ಪಾಠ ಹೇಳುತ್ತಿದ್ದ ಕ್ವಿಂಟಿಲಿಯನ್ ಇದೇ ಅಭ್ಯಾಸಗಳ ಬಗ್ಗೆ ಬರೆಯುತ್ತಾ ಒಂದು ಮಾತು ಹೇಳುತ್ತಾನೆ: ಎಳೆಯರ ಬರಹ ಉಕ್ಕಿ ಹರಿದರೆ ಹರಿಯಲಿ, ಜಾಸ್ತಿಯಾದದ್ದನ್ನು ಆಮೇಲೆ ಸುಲಭವಾಗಿ ತಗ್ಗಿಸಬಹುದು, ಬರಡಾಗಿದ್ದಕ್ಕೆ ಮಾತ್ರ ಮದ್ದಿಲ್ಲ. ನಾನು ಪ್ರತಿ ವರ್ಷ ಜೂನ್‌ನಲ್ಲಿ ಅದನ್ನು ತೆಗೆದು ಓದುತ್ತೇನೆ.

ಯಾವುದು ಅಂತ ಕಂಡುಹಿಡಿಯುವುದು ಹೇಗೆ? ಅವಳನ್ನು ‘ಯಾಕೆ ಬರೆಯುತ್ತಿಲ್ಲ’ ಅಂತ ಕೇಳಬೇಡಿ. ಒಂದು ದಪ್ಪ ನೋಟ್‌ಬುಕ್ ಕೊಟ್ಟು, ಇದನ್ನು ನಾವೂ ನೋಡುವುದಿಲ್ಲ, ಮೇಷ್ಟ್ರೂ ನೋಡುವುದಿಲ್ಲ ಅಂತ ಹೇಳಿ, ಮಾತಿಗೆ ತಪ್ಪಬೇಡಿ. ಆರು ವಾರದಲ್ಲಿ ಪುಟ ಮಡಚಿದ್ದು, ಇಂಕು ಹತ್ತಿದ್ದು ಹೊರಗಿನಿಂದಲೇ ಕಾಣಿಸುತ್ತದೆ. ಖಾಲಿಯೇ ಉಳಿದರೆ, ಶಾಲೆಯ ಹಾಳೆ ವಾಪಸ್ ಬಂದ ದಿನ ಅವಳ ಮುಖ ಚಿಕ್ಕದಾಗುತ್ತಿದ್ದರೆ, ಆಗ ಮೇಷ್ಟ್ರನ್ನು ಕಂಡು ನೇರವಾಗಿ ಹೇಳಿ: ಒಂದು ತಿಂಗಳು ಇವಳ ಹಾಳೆಯಲ್ಲಿ ಒಂದೇ ಒಂದು ವಿಷಯ ತಿದ್ದಿ, ಉಳಿದದ್ದು ಬಿಡಿ. ಒಳ್ಳೆ ಮೇಷ್ಟ್ರು ಇದಕ್ಕೆ ಒಪ್ಪುತ್ತಾರೆ. ಒಪ್ಪದೆ ‘ನಮ್ಮ ಪಠ್ಯಕ್ರಮ ಹೀಗೇ’ ಅಂದರೆ, ಶಾಲೆ ಬದಲಿಸುವ ಮಾತು ಆಗ ಎತ್ತಬಹುದು. ಮೂರು ತಿಂಗಳಿಗೇ ಬದಲಿಸುವುದು ನನಗೆ ಸರಿ ಕಾಣುವುದಿಲ್ಲ, ಯಾಕೆಂದರೆ ಈಗ ಬಿಟ್ಟರೆ ಅವಳ ಕೈಯಲ್ಲಿ ಉಳಿಯುವುದು ಈಸೋಪನ ಬೇಸರ ಮಾತ್ರ, ಮಕ್ಕಳಿಗೆ ರುಚಿ ಹತ್ತುವುದು ಮುಂದಿನ ಪಾಠಗಳಲ್ಲಿ.

ಕನ್ನಡದಲ್ಲಿ ಮಾಡಿಸಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿಸಿ, ಎರಡು ಕಾರಣಕ್ಕೆ.

ಒಂದು, ವಿಭಕ್ತಿ. ಗ್ರೀಕಿನಲ್ಲೂ ನಮ್ಮ ಹಾಗೆ ನಾಮಪದದ ಕೊನೆ ಬದಲಾಗುತ್ತದೆ. ಥಿಯೋನ್ ಒಂದೇ ಮಾತನ್ನು ಎಲ್ಲ ವಿಭಕ್ತಿಗಳಲ್ಲೂ ತಿರುಗಿಸಿ ಹೇಳಿಸು ಅನ್ನುತ್ತಾನೆ. ಈ ಕೈಪಿಡಿಗಳಲ್ಲಿ ಬರುವ ಒಂದು ಪುಟ್ಟ ಪ್ರಸಂಗ ಇದೆ: ಒಬ್ಬ ತುಂಟ ಹುಡುಗನನ್ನು ನೋಡಿದ ತತ್ವಜ್ಞಾನಿ ಡಯೋಜಿನಿಸ್, ಹುಡುಗನಿಗೆ ಹೊಡೆಯಲಿಲ್ಲ, ಅವನನ್ನು ನೋಡಿಕೊಳ್ಳುತ್ತಿದ್ದ ಆಳಿಗೆ ಹೊಡೆದ. ಇದನ್ನು ‘ಡಯೋಜಿನಿಸನು ಹೊಡೆದನು’ ಅಂತ ಒಂದು ಸಲ, ‘ಡಯೋಜಿನಿಸನಿಂದ ಏಟು ತಿಂದವನು’ ಅಂತ ಒಂದು ಸಲ, ‘ಡಯೋಜಿನಿಸನಿಗೆ ಸಿಟ್ಟು ಬಂದಿದ್ದು’ ಅಂತ ಒಂದು ಸಲ, ‘ಡಯೋಜಿನಿಸನ ಪ್ರಕಾರ’ ಅಂತ ಇನ್ನೊಂದು ಸಲ ಶುರು ಮಾಡಿ ಪೂರ್ತಿ ಹೇಳಬೇಕು. ಹೊರದೇಶದಲ್ಲಿ ಬೆಳೆದ ನಮ್ಮ ಮಕ್ಕಳು ತಡವರಿಸುವುದು ಈ ಕೊನೆಗಳಲ್ಲೇ. ಕಾರಿನಲ್ಲಿ ಹೋಗುವಾಗ ಬಾಯಲ್ಲೇ ಆಡಿಸಬಹುದು, ಪುಸ್ತಕ ಬೇಡ.

ಎರಡನೆಯದು ನನಗೆ ಹದಿನಾಲ್ಕರಲ್ಲೂ ಪ್ರೀತಿಯ ಅಭ್ಯಾಸ, ‘ಎಥೊಪೊಯಿಯಾ’. ಒಂದು ಪಾತ್ರ ಒಂದು ಗಳಿಗೆಯಲ್ಲಿ ಏನು ಹೇಳಬಹುದು ಅಂತ ಅದರ ಬಾಯಿಂದಲೇ ಬರೆಯುವುದು. ಅಫ್ತೋನಿಯಸ್‌ನದು ಮಕ್ಕಳನ್ನೆಲ್ಲ ಕಳಕೊಂಡ ನಿಯೋಬೆಯ ಮಾತು. ಕ್ರಮ ಮೂರು ಮೆಟ್ಟಿಲಿನದು: ಈಗ ಏನಾಗಿದೆ, ಮೊದಲು ಹೇಗಿತ್ತು, ಮುಂದೆ ಏನು. ನಾನು ಮಕ್ಕಳಿಗೆ ಕೊಡುವ ಪಾತ್ರ ಬೇರೆ. ಆರು ತಿಂಗಳ ವೀಸಾದ ಮೇಲೆ ಊರಿಂದ ಬಂದ ಅಜ್ಜಿ, ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ ಕಿಟಕಿ ಹತ್ತಿರ ಕೂತಿದ್ದಾಳೆ. ಏನು ಹೇಳಿಕೊಳ್ಳುತ್ತಾಳೆ? ಹನ್ನೆರಡರ ಒಬ್ಬ ಹುಡುಗಿ ಬರೆದದ್ದು ನನ್ನ ಹತ್ತಿರ ಇನ್ನೂ ಇದೆ: ‘ಇಲ್ಲಿ ರಸ್ತೆಯಲ್ಲಿ ಕಾರು ಕಾಣತ್ತೆ, ಜನ ಕಾಣಲ್ಲ. ಊರಲ್ಲಿ ಜಗುಲಿ ಮೇಲೆ ಕೂತ್ರೆ ಹೂವಿನವಳು ದಿನಾ ಏನಮ್ಮಾ ಅಂತಿದ್ಲು. ನಾನು ಹೂವು ತಗೊಳ್ಳದಿದ್ರೂ ಅಂತಿದ್ಲು. ಏಪ್ರಿಲ್‌ಗೆ ಹೋಗ್ತೀನಿ. ಆಗ ಈ ಮಗು ಸ್ಕೂಲಿಂದ ಬಂದು ಯಾರನ್ನ ಕೂಗತ್ತೆ?’

ಇದು ಇಂಗ್ಲಿಷಿನಲ್ಲಿ ಬರುವ ಹಾಗಿಲ್ಲ. ಅಜ್ಜಿ ಯೋಚನೆ ಮಾಡುವುದು ಕನ್ನಡದಲ್ಲಿ, ಹಾಗಾಗಿ ಮಗುವೂ ಕನ್ನಡಕ್ಕೆ ಬರಲೇಬೇಕು. ಯಾವ ಪದ ಗೊತ್ತಿಲ್ಲವೋ ಅದನ್ನು ಕೇಳಲು ಮಗಳೇ ಅಜ್ಜಿಗೆ ಫೋನ್ ಮಾಡುತ್ತಾಳೆ. ಇಲ್ಲಿ ನೀವು ಮಾಡುವ ತಪ್ಪು ಒಂದೇ ಇರಬಹುದು, ಕಾಗುಣಿತ ತಿದ್ದಲು ಕೂರುವುದು. ‘ಳ’ ಜಾಗದಲ್ಲಿ ‘ಲ’ ಬರೆದಿದ್ದರೆ ಇವತ್ತು ಬಿಟ್ಟುಬಿಡಿ, ಜೋರಾಗಿ ಓದಿಸಿ, ಎಲ್ಲಿ ಅಜ್ಜಿಯ ದನಿ ಕೇಳಿಸಿತೋ ಆ ಸಾಲಿನ ಕೆಳಗೆ ಒಂದು ಗೆರೆ ಎಳೆಯಿರಿ. ವಾರಕ್ಕೆ ಒಂದೇ ಸಲ, ಅರ್ಧ ಗಂಟೆ, ಅದಕ್ಕಿಂತ ಜಾಸ್ತಿ ಬೇಡ. ಶಾಲೆಯ ಹೋಮ್‌ವರ್ಕ್ ಬೇರೆ ಇದೆ ಅವಳಿಗೆ.

ಶುರು ಮಾಡುವುದಾದರೆ ಈ ವಾರ ಮಂಗಗಳ ಕತೆ ಹೇಳಿ, ಮೇಲೆ ಬರೆದಿರುವಷ್ಟೇ, ನಾಲ್ಕೇ ಸಾಲು. ನೀತಿ ಹೇಳಬೇಡಿ. ಗುಂಪಿನಲ್ಲಿ ಸುಮ್ಮನೆ ಕೂತಿರುವ ಒಂದು ಮಂಗ ಇದೆ, ಅದು ಯಾರ ಕಡೆ ಅಂತ ಕೇಳಿ, ಪೆನ್ಸಿಲ್ ಕೊಟ್ಟು ನೀವು ಅಡುಗೆಮನೆಗೆ ಹೋಗಿಬಿಡಿ.